ಕುಲ್ಕಿಯ ಕಡಲಿಗೆ ಹೊರಡುವ ಮುನ್ನ

ಆಸ್ಟ್ರೇಲಿಯಾದ ಭೂಪಟದಲ್ಲಿ ಈಶಾನ್ಯ ಮೂಲೆಯಿಂದ ಬೆರಳಿನಂತೆ ಉತ್ತರಕ್ಕೆ ಚಾಚಿಕೊಂಡಿರುವ ನೆಲವೇ ಕೇಪ್ ಯಾರ್ಕ್ ಪರ್ಯಾಯ ದ್ವೀಪ. ಆ ಬೆರಳಿನ ಬುಡದಲ್ಲಿ, ಭೂಮಧ್ಯರೇಖೆಯಿಂದ ಸುಮಾರು 16 ಡಿಗ್ರಿ ದಕ್ಷಿಣಕ್ಕೆ, ದಟ್ಟವಾದ ಕಾಡು ಬೆಟ್ಟವನ್ನಿಳಿದು ನೇರವಾಗಿ ಮರಳದಂಡೆಗೆ ಬಂದು ನಿಲ್ಲುವ ಒಂದು ಭೂಶಿರವಿದೆ. ಭೂಪಟಗಳಲ್ಲಿ ಅದರ ಹೆಸರು ಕೇಪ್ ಟ್ರಿಬ್ಯುಲೇಷನ್, ಎಂದರೆ ಸಂಕಟದ ಭೂಶಿರ. 1770ರ ಜೂನ್ ತಿಂಗಳಲ್ಲಿ ಜೇಮ್ಸ್ ಕುಕ್‌ನ ‘ಎಂಡೆವರ್’ ಹಡಗು ಈ ತೀರದ ಆಚೆಗಿನ ಹವಳದ ದಿಬ್ಬಕ್ಕೆ ಬಡಿದು ಮುಳುಗುವ ಸ್ಥಿತಿಗೆ ಬಂದಿತು. ತನ್ನ ಕಷ್ಟಗಳೆಲ್ಲ ಇಲ್ಲಿಂದಲೇ ಮೊದಲಾದವೆಂದು ಕುಕ್ ಆ ಹೆಸರಿಟ್ಟನು. ಆದರೆ ಅದಕ್ಕೂ ಬಹಳ ಹಿಂದಿನಿಂದ ಅಲ್ಲಿ ಬಾಳಿಕೊಂಡು ಬಂದಿರುವ ಕುಕು ಯಲಂಜಿ ಜನರಿಗೆ ಅದು ಕುಲ್ಕಿ. ಒಂದೇ ಊರಿಗೆ ಎರಡು ಭಾಷೆಗಳ ಫಲಕಗಳಲ್ಲಿ ಎರಡು ಹೆಸರುಗಳನ್ನು ಓದಿ ಬೆಳೆದ ಗಡಿನಾಡಿನ ಮಕ್ಕಳಿಗೆ ಇದು ಅರ್ಥವಾಗದ ಸಂಗತಿಯೇನೂ ಅಲ್ಲ.

ಕುಲ್ಕಿಯ ಮರಳಿನಲ್ಲಿ ನಿಂತವನ ಬೆನ್ನಿಗೆ ಒಂದು ವಿಶ್ವ ಪರಂಪರೆಯ ತಾಣ, ಎದುರಿಗೆ ಇನ್ನೊಂದು. ಕಡಲಿನ ಕಡೆಗೆ 1981ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಗ್ರೇಟ್ ಬ್ಯಾರಿಯರ್ ರೀಫ್. ಇದು ಸುಮಾರು 2,300 ಕಿಲೋಮೀಟರ್ ಉದ್ದಕ್ಕೆ ಹಬ್ಬಿದ ಹವಳದ ದಿಬ್ಬಗಳ ಸಾಲು. ನೆಲದ ಕಡೆಗೆ 1988ರಲ್ಲಿ ಅದೇ ಪಟ್ಟಿಗೆ ಸೇರಿದ ಕ್ವೀನ್ಸ್‌ಲ್ಯಾಂಡ್‌ನ ಆರ್ದ್ರ ಉಷ್ಣವಲಯದ ಕಾಡು. ಈ ಕಾಡಿನ ಉತ್ತರ ಭಾಗವನ್ನು ಡೇನ್‌ಟ್ರೀ ಎಂದು ಕರೆಯುತ್ತಾರೆ. ಇವೆರಡೂ ಒಂದನ್ನೊಂದು ಮುಟ್ಟುವ ಈ ತೀರಕ್ಕೆ ಹೆಬ್ಬಾಗಿಲು ಕೇರ್ನ್ಸ್ ನಗರ.

ಮಕ್ಕಳು ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಲೆಸಿರುವ ಅನೇಕ ಕುಟುಂಬಗಳು ಇಂದು ಆಸ್ಟ್ರೇಲಿಯಾಕ್ಕೆ ಹೋಗಿಬರುತ್ತಿವೆ. ಆ ದೊಡ್ಡ ನಗರಗಳ ಜೊತೆಗೆ ಈ ಉಷ್ಣವಲಯದ ಕರಾವಳಿಯನ್ನೂ ನೋಡಬೇಕೆಂಬ ಆಸೆ ಸಹಜವಾದುದು. ಆದರೆ ವರ್ಷಗಳ ಉಳಿತಾಯವನ್ನು ಕೂಡಿಸಿ ಹೊರಡುವ ಕುಟುಂಬವು ತನ್ನ ರಜೆಯ ಪಟ್ಟಿಯನ್ನು ಮಾತ್ರ ನೋಡಿ ಟಿಕೇಟು ತೆಗೆದರೆ, ಕಡಲಿಗೆ ಇಳಿಯಲಾಗದ ಕಾಲದಲ್ಲಿ ಕಡಲತೀರವನ್ನು ತಲುಪುವ ಸಂಭವವಿದೆ. ಈ ನಾಡಿಗೆ ತನ್ನದೇ ಆದ ಪಂಚಾಂಗವಿದೆ. ಮೊದಲು ಓದಬೇಕಾದುದು ಅದನ್ನು.

ಮಳೆಯ ಲೆಕ್ಕ

ಕೇರ್ನ್ಸ್ ದಕ್ಷಿಣಾರ್ಧಗೋಳದಲ್ಲಿರುವುದರಿಂದ ಅಲ್ಲಿಯ ಋತುಗಳು ನಮ್ಮ ಕರಾವಳಿಯ ಋತುಗಳಿಗೆ ತಿರುಗುಮುರುಗು. ಮೃಗಶಿರ, ಆರ್ದ್ರಾ ಮಳೆಗಳು ಸುರಿದು ಕಾಸರಗೋಡಿನ ಅಂಗಳದಲ್ಲಿ ಪಾಚಿ ಕಟ್ಟುವ ಹೊತ್ತಿಗೆ ಅಲ್ಲಿ ಆಕಾಶ ತಿಳಿಯಾಗಿರುತ್ತದೆ. ಇಲ್ಲಿ ಧನುರ್ಮಾಸದ ಮುಂಜಾವಿನ ಚಳಿ ಇರುವಾಗ ಅಲ್ಲಿ ಮೋಡ ಕವಿಯುತ್ತದೆ. ಕೇರ್ನ್ಸ್‌ನಲ್ಲಿ ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆ. ಅದರ ಬಹುಪಾಲು ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ತಿಂಗಳುಗಳಲ್ಲಿಯೇ ಬೀಳುತ್ತದೆ. ನಗರದ ದಕ್ಷಿಣಕ್ಕಿರುವ ಬೆಲೆಂಡೆನ್ ಕೆರ್ ಶಿಖರದಲ್ಲಿ ವರ್ಷದ ಸರಾಸರಿ ಮಳೆ ಸುಮಾರು 8,000 ಮಿಲಿಮೀಟರ್. ಆಸ್ಟ್ರೇಲಿಯಾದಲ್ಲಿ ಅದಕ್ಕಿಂತ ಹೆಚ್ಚು ಮಳೆ ಬೀಳುವ ದಾಖಲಿತ ಸ್ಥಳ ಬೇರೊಂದಿಲ್ಲ.

ಸರಕಾರಿ ಕರಪತ್ರಗಳು ‘ಮಳೆಗಾಲ’, ‘ಒಣಗಾಲ’ ಎಂಬ ಎರಡೇ ಮಾತುಗಳಲ್ಲಿ ಈ ಕಾಲಚಕ್ರವನ್ನು ಮುಗಿಸುತ್ತವೆ. ನಮ್ಮ ರೈತನಿಗೆ ಮಳೆಯೆಂದರೆ ಒಂದೇ ಮಳೆಯಲ್ಲ, ನಕ್ಷತ್ರಕ್ಕೊಂದು ಹೆಸರಿನ ಮಳೆ. ಕುಕು ಯಲಂಜಿ ಜನರ ಲೆಕ್ಕವೂ ಅಂತಹುದೇ. ಅವರಿಗೆ ವರ್ಷದಲ್ಲಿ ಐದು ಕಾಲಗಳು. ಡಿಸೆಂಬರಿನ ಕೊನೆಯಿಂದ ಮಾರ್ಚ್‌ವರೆಗೆ ಭರ್ತಿ ಮಳೆಯ ಕಂಬರ್. ಏಪ್ರಿಲ್, ಮೇ ತಿಂಗಳುಗಳಲ್ಲಿ ಜಿನುಗು ಮಳೆಯ ಕಬಕಬಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಂಪುಗಾಲದ ಬುಲುರಿಜಿ. ಅಕ್ಟೋಬರಿನಿಂದ ನವೆಂಬರಿನ ಆರಂಭದವರೆಗೆ ಸೆಕೆಯ ವುಂಗರಿಜಿ. ಅನಂತರ ಡಿಸೆಂಬರಿನ ನಡುವಿನವರೆಗೆ ಗುಡುಗು ಸಿಡಿಲುಗಳ ಜರ್‍ರಮಲಿ. ಪ್ರವಾಸದ ಯೋಜನೆಗೆ ಎರಡು ಕಾಲಗಳ ಲೆಕ್ಕಕ್ಕಿಂತ ಐದು ಕಾಲಗಳ ಈ ಲೆಕ್ಕವೇ ಹೆಚ್ಚು ಉಪಯುಕ್ತ.

ಮಳೆಗಾಲದ ಅಪಾಯ ಬರಿಯ ಮಾತಲ್ಲ. 2023ರ ಡಿಸೆಂಬರ್ 13ರಂದು ‘ಜಾಸ್ಪರ್’ ಚಂಡಮಾರುತ ವುಜಲ್ ವುಜಲ್ ಎಂಬ ಮೂಲನಿವಾಸಿ ಹಳ್ಳಿಯ ಸಮೀಪ ತೀರವನ್ನು ಹೊಕ್ಕಿತು. ಅದರ ಗಾಳಿ ಅಷ್ಟೇನೂ ಪ್ರಬಲವಾಗಿರಲಿಲ್ಲ. ಆದರೆ ಅದು ಮುಂದೆ ಸಾಗದೆ ಅಲ್ಲಿಯೇ ತಂಗಿ, ಕೆಲವು ಸ್ಥಳಗಳಲ್ಲಿ ಐದಾರು ದಿನಗಳಲ್ಲಿ ಎರಡು ಮೀಟರಿಗೂ ಮಿಕ್ಕಿ ಮಳೆ ಸುರಿಸಿತು. ಕೇರ್ನ್ಸ್‌ನ ವಿಮಾನ ನಿಲ್ದಾಣಕ್ಕೆ ನೀರು ನುಗ್ಗಿತು. ವುಜಲ್ ವುಜಲ್‌ನ ಜನರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಯಿತು. ಕುಲ್ಕಿಗೆ ಹೋಗುವ ಬೆಟ್ಟದ ರಸ್ತೆ ಕುಸಿದು ಊರುಗಳು ಸಂಪರ್ಕ ಕಳೆದುಕೊಂಡವು.

ರಜೆಯ ಲೆಕ್ಕ

ಕಾಸರಗೋಡಿನ ಶಾಲೆಗಳಿಗೆ ವರ್ಷದಲ್ಲಿ ಮೂರು ದೊಡ್ಡ ರಜೆಗಳು: ಏಪ್ರಿಲ್–ಮೇ ತಿಂಗಳುಗಳ ಬೇಸಗೆ ರಜೆ, ಓಣಂ ರಜೆ ಮತ್ತು ಕ್ರಿಸ್‌ಮಸ್ ರಜೆ. ಈ ಮೂರನ್ನೂ ಆ ಐದು ಕಾಲಗಳ ಮೇಲಿಟ್ಟು ನೋಡಿದರೆ ಆಯ್ಕೆ ತಾನಾಗಿ ಸ್ಪಷ್ಟವಾಗುತ್ತದೆ.

ಕ್ರಿಸ್‌ಮಸ್ ರಜೆ ಬರುವುದು ಜರ್‍ರಮಲಿ ಮುಗಿದು ಕಂಬರ್ ಕಾಲಿಡುವಾಗ. ಜಲಪಾತಗಳು ಆಗ ಮೈದುಂಬುತ್ತವೆ, ನಿಜ. ಆದರೆ ಸೆಕೆ, ಮಳೆ, ಚಂಡಮಾರುತದ ಭಯ ಮತ್ತು ವಿಷದ ಜೆಲ್ಲಿ ಮೀನುಗಳ ಕಾಟ ಎಲ್ಲವೂ ಒಟ್ಟಿಗೆ ಬರುತ್ತವೆ. ಮಕ್ಕಳನ್ನು ಕರೆದೊಯ್ಯುವವರು ಈ ಕಾಲವನ್ನು ಬಿಡುವುದೇ ಲೇಸು.

ಬೇಸಗೆ ರಜೆ ದೀರ್ಘವಾದುದು, ಹೊಂದಿಸಿಕೊಳ್ಳಲು ಸುಲಭವಾದುದು. ಏಪ್ರಿಲ್ ಇನ್ನೂ ಒದ್ದೆ. ಮೇ ತಿಂಗಳ ಉತ್ತರಾರ್ಧದ ಹೊತ್ತಿಗೆ ಮಳೆ ತಗ್ಗಿ ಕಾಡು ತೊಳೆದಿಟ್ಟಂತೆ ಹಸಿರಾಗಿರುತ್ತದೆ. ಜೆಲ್ಲಿ ಮೀನುಗಳ ಎಚ್ಚರಿಕೆ ಮಾತ್ರ ತಿಂಗಳ ಕೊನೆಯವರೆಗೂ ಜಾರಿಯಲ್ಲಿರುತ್ತದೆ.

ಓಣಂ ರಜೆ ಬರುವುದು ಆಗಸ್ಟ್–ಸೆಪ್ಟೆಂಬರಿನಲ್ಲಿ, ಬುಲುರಿಜಿಯ ಕಾಲದಲ್ಲಿ. ಹಗಲಿನ ಬಿಸಿ 27 ಡಿಗ್ರಿಯ ಆಸುಪಾಸು, ರಾತ್ರಿ ತೆಳುವಾದ ಹೊದಿಕೆ ಸಾಕು. ಮಳೆ ವಿರಳ, ತೀರದ ಬಳಿ ಜೆಲ್ಲಿ ಮೀನುಗಳ ಭಯ ಅತಿ ಕಡಿಮೆ. ಕ್ವೀನ್ಸ್‌ಲ್ಯಾಂಡ್‌ನ ಶಾಲೆಗಳ ರಜೆ ಸೆಪ್ಟೆಂಬರಿನ ಉತ್ತರಾರ್ಧದಲ್ಲಿ ಆರಂಭವಾಗುವುದರಿಂದ ಅದಕ್ಕೆ ಮೊದಲು ಜನಸಂದಣಿಯೂ ಅಷ್ಟಿರದು. ಹತ್ತು ದಿನಗಳ ರಜೆಯಲ್ಲಿ ಪ್ರಯಾಣಕ್ಕೆ ಮೂರು ದಿನ ಕಳೆದರೂ ಏಳು ದಿನ ಉಳಿಯುತ್ತವೆ. ಈ ಕಾಲದ ಕೊರತೆಯೆಂದರೆ ಒಂದೇ: ಆಗ್ನೇಯದಿಂದ ಬೀಸುವ ವಾಣಿಜ್ಯ ಮಾರುತಗಳು ಕಡಲನ್ನು ಕೆಲವು ದಿನ ಒರಟಾಗಿಸುತ್ತವೆ. ದೋಣಿಯಲ್ಲಿ ತಲೆಸುತ್ತುವವರು ವೈದ್ಯರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಬೇಕು.

ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಯವರಿಗೆ ಓಣಂ ರಜೆಯಿಲ್ಲ, ದೀಪಾವಳಿ ರಜೆಯುಂಟು. ಅದು ವುಂಗರಿಜಿಯ ಕಾಲ. ಸೆಕೆ ಹೆಚ್ಚು, ಆದರೆ ಗಾಳಿ ಅಡಗಿ ಕಡಲು ಶಾಂತವಾಗಿರುತ್ತದೆ. ನವೆಂಬರ್ ಕಾಲಿಡುವ ಮೊದಲೇ ಹಿಂದಿರುಗಿದರೆ ಒಳಿತು.

ಕಡಲಿನ ಕಟ್ಟಳೆಗಳು

ತೀರದಲ್ಲಿ ಹುಟ್ಟಿ ಬೆಳೆದವರು ಕಡಲಿಗೆ ಹೆದರುವುದಿಲ್ಲ. ಅದೇ ಧೈರ್ಯ ಇಲ್ಲಿ ಅಪಾಯಕ್ಕೆ ದಾರಿಯಾದೀತು. ನವೆಂಬರಿನಿಂದ ಮೇವರೆಗೆ ಕರಾವಳಿಯ ನೀರಿನಲ್ಲಿ ಎರಡು ಬಗೆಯ ವಿಷದ ಜೆಲ್ಲಿ ಮೀನುಗಳು ಸುಳಿಯುತ್ತವೆ. ಒಂದು, ಉದ್ದನೆಯ ಎಳೆಗಳುಳ್ಳ ಪೆಟ್ಟಿಗೆ ಜೆಲ್ಲಿ ಮೀನು. ಇದು ಕುಟುಕಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣಾಪಾಯ ಒದಗಬಹುದು. ಇನ್ನೊಂದು, ಕಿರುಬೆರಳ ಉಗುರಿನಷ್ಟೇ ಇರುವ ಇರುಕಾಂಜಿ. ಕೇರ್ನ್ಸ್‌ನ ಉತ್ತರ ತೀರದ ಮೂಲನಿವಾಸಿಗಳ ಹೆಸರನ್ನೇ ಈ ರೋಗಲಕ್ಷಣಕ್ಕೆ 1952ರಲ್ಲಿ ವೈದ್ಯ ಹ್ಯೂಗೋ ಫ್ಲೆಕರ್ ಇಟ್ಟರು. ಆದರೆ ಅದಕ್ಕೆ ಕಾರಣವಾದ ಜೀವಿ ಯಾವುದೆಂದು ಆಗ ತಿಳಿದಿರಲಿಲ್ಲ. 1961ರಲ್ಲಿ ಕೇರ್ನ್ಸ್‌ನ ವೈದ್ಯ ಜ್ಯಾಕ್ ಬಾರ್ನ್ಸ್ ಒಂದು ಪುಟ್ಟ ಜೆಲ್ಲಿ ಮೀನನ್ನು ಹಿಡಿದು, ತನಗೂ ಒಂಬತ್ತು ವರ್ಷದ ತನ್ನ ಮಗನಿಗೂ ಒಬ್ಬ ಜೀವರಕ್ಷಕನಿಗೂ ಅದರಿಂದ ಕುಟುಕಿಸಿ ಪರೀಕ್ಷಿಸಿದರು. ಮೂವರೂ ಆಸ್ಪತ್ರೆ ಸೇರಿ ಗುಣಮುಖರಾದರು. ಕಾರಣ ಸಿದ್ಧವಾಯಿತು. ಇಂದಾದರೆ ಅಂತಹ ಪ್ರಯೋಗಕ್ಕೆ ಯಾರೂ ಅನುಮತಿ ಕೊಡಲಾರರು.

ಅಪಾಯದ ತಿಂಗಳುಗಳಲ್ಲಿ ಪ್ರಮುಖ ಕಡಲದಂಡೆಗಳಲ್ಲಿ ಬಲೆ ಕಟ್ಟಿ ಈಜುವ ಜಾಗವನ್ನು ಬೇರ್ಪಡಿಸುತ್ತಾರೆ. ಇರುಕಾಂಜಿ ಬಲೆಯ ಕಣ್ಣಿನಲ್ಲಿಯೂ ತೂರಬಲ್ಲದಾದ್ದರಿಂದ ಮೈಮುಚ್ಚುವ ಬಿಗಿಯುಡುಪು ಧರಿಸುವುದು ವಾಡಿಕೆ. ದಂಡೆಗಳಲ್ಲಿ ಕಂಬಕ್ಕೆ ಸಿಕ್ಕಿಸಿಟ್ಟ ವಿನಿಗರ್ ಸೀಸೆಗಳು ಕಾಣುತ್ತವೆ. ಕುಟುಕಿದ ಜಾಗವನ್ನು ಉಜ್ಜದೆ ಅದರ ಮೇಲೆ ವಿನಿಗರ್ ಸುರಿಯುವುದು ಮೊದಲ ಉಪಚಾರ. ಕೂಡಲೇ 000 ಸಂಖ್ಯೆಗೆ ಕರೆ ಮಾಡಬೇಕು.

ಮೊಸಳೆಗಳ ಮಾತು ಬೇರೆ. ಅವಕ್ಕೆ ಋತುವಿನ ಹಂಗಿಲ್ಲ. ಕುಂಬಳೆ ಸಮೀಪದ ಅನಂತಪುರದ ಕೆರೆಯಲ್ಲಿ 2022ರವರೆಗೆ ಬದುಕಿದ್ದ ಬಬಿಯಾ ಮೊಸಳೆಯನ್ನು ಹತ್ತಿರದಿಂದ ಕಂಡ ಮಕ್ಕಳು ಇಲ್ಲಿ ಅನೇಕರಿದ್ದಾರೆ. ಅದು ಸಿಹಿನೀರಿನ ಸೌಮ್ಯ ಜೀವಿ. ಕ್ವೀನ್ಸ್‌ಲ್ಯಾಂಡ್‌ನ ನದಿ, ಅಳಿವೆ, ಕಾಂಡ್ಲಾ ವನಗಳಲ್ಲಿರುವುದು ಒಡಿಶಾದ ಭಿತರ್‌ಕಣಿಕಾದಲ್ಲಿಯೂ ಸುಂದರಬನದಲ್ಲಿಯೂ ಇರುವ ಉಪ್ಪುನೀರಿನ ಮೊಸಳೆಯ ಜಾತಿ. ಐದು ಮೀಟರ್ ಉದ್ದಕ್ಕೂ ಬೆಳೆಯುವ ಇದು ನೀರಿನಂಚಿಗೆ ಬಂದ ಮನುಷ್ಯನನ್ನು ಬೇಟೆಯೆಂದೇ ಎಣಿಸುತ್ತದೆ. 1974ರಿಂದ ಅಲ್ಲಿ ಅದಕ್ಕೆ ಕಾನೂನಿನ ರಕ್ಷಣೆಯಿದೆ. ಎಚ್ಚರಿಕೆಯ ಫಲಕವಿರುವ ನೀರಿಗಿಳಿಯಬಾರದು, ಅಂಚಿನಿಂದ ಕನಿಷ್ಠ ಐದು ಮೀಟರ್ ದೂರವಿರಬೇಕು, ಫಲಕವಿಲ್ಲವೆಂದ ಮಾತ್ರಕ್ಕೆ ಮೊಸಳೆಯಿಲ್ಲವೆಂದು ತಿಳಿಯಬಾರದು. ಹೊರಡುವ ಮೊದಲೇ ಮಕ್ಕಳಿಗೆ ಈ ಮೂರು ಮಾತುಗಳನ್ನು ಮನದಟ್ಟು ಮಾಡಿಸಬೇಕು.

ಕೇರ್ನ್ಸ್ ನಗರದ ಎದುರಿಗೆ ಈಜಲು ಯೋಗ್ಯವಾದ ದಂಡೆಯೇ ಇಲ್ಲ. ಅಲ್ಲಿರುವುದು ಕೆಸರಿನ ಬಯಲು. ಆ ಕೊರತೆಯನ್ನು ನೀಗಲು ನಗರಾಡಳಿತ 2003ರಲ್ಲಿ ತೀರದ ರಸ್ತೆಯ ಬದಿಯಲ್ಲಿ ಸಾರ್ವಜನಿಕ ಈಜುಕೊಳವೊಂದನ್ನು ತೆರೆಯಿತು. ಪ್ರವೇಶ ಉಚಿತ, ಭಯವಿಲ್ಲದೆ ಮಕ್ಕಳು ನೀರಾಡಬಹುದು.

ಪ್ರಯಾಣವೂ ಪೆಟ್ಟಿಗೆಯೂ

ಭಾರತೀಯ ಪಾಸ್‌ಪೋರ್ಟ್ ಇರುವವರು ಹೊರಡುವ ಮೊದಲೇ ಸಂದರ್ಶಕ ವೀಸಾ ಪಡೆಯಬೇಕು. ಮನೆಯ ಪ್ರತಿಯೊಬ್ಬರಿಗೂ, ಕೈಗೂಸಿಗೂ ಕೂಡ, ಬೇರೆ ಬೇರೆ ಅರ್ಜಿ ಬೇಕು. ಬ್ಯಾಂಕಿನ ಲೆಕ್ಕಪತ್ರ, ಉದ್ಯೋಗದ ದಾಖಲೆ, ಶಾಲೆಯ ದೃಢೀಕರಣ ಪತ್ರ ಇವೆಲ್ಲವನ್ನೂ ಮುಂಚಿತವಾಗಿ ಕೂಡಿಸಿಡಬೇಕು. ಕನ್ನಡದಲ್ಲಿಯೋ ಮಲೆಯಾಳದಲ್ಲಿಯೋ ಇರುವ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಬೇಕಾಗುತ್ತದೆ. ವೀಸಾ ಕೈಗೆ ಬರುವ ಮೊದಲು ಹಿಂದಿರುಗಿಸಲಾಗದ ಟಿಕೇಟು ತೆಗೆಯಬಾರದು.

ಭಾರತದಿಂದ ಕೇರ್ನ್ಸ್‌ಗೆ ನೇರ ವಿಮಾನವಿಲ್ಲ. ಸಿಂಗಾಪುರದಲ್ಲಿ ಬದಲಾಯಿಸುವುದು ಒಂದು ದಾರಿ. ಬೆಂಗಳೂರು–ಸಿಡ್ನಿ ನಡುವೆ 2022ರಲ್ಲಿ ಆರಂಭವಾದ ನೇರ ವಿಮಾನ ಇನ್ನೊಂದು ದಾರಿ. ಸಿಡ್ನಿಯಿಂದ ಕೇರ್ನ್ಸ್ ಮತ್ತೆ ಮೂರು ಗಂಟೆಗಳ ಹಾರಾಟ. ಭೂಪಟದಲ್ಲಿ ಗೇಣಿನಷ್ಟು ಕಂಡರೂ ಆ ದೂರ ಸುಮಾರು 2,000 ಕಿಲೋಮೀಟರ್. ಕ್ವೀನ್ಸ್‌ಲ್ಯಾಂಡ್‌ನ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಮುಂದಿರುತ್ತದೆ. ವಾಹನಗಳು ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ಸಾಗುವುದರಿಂದ ಬಾಡಿಗೆ ಕಾರು ಓಡಿಸುವುದು ಕಷ್ಟವಲ್ಲ.

ಪೆಟ್ಟಿಗೆ ತುಂಬುವಾಗ ನಮ್ಮವರು ಎಡವುವುದು ತಿಂಡಿಯ ವಿಷಯದಲ್ಲಿ. ವಿಮಾನದಲ್ಲಿ ಕೊಡುವ ಚೀಟಿಯಲ್ಲಿ ಆಹಾರ ಪದಾರ್ಥ, ಬೀಜ, ಮರದ ಸಾಮಾನು ಇದ್ದರೆ ಇದೆಯೆಂದೇ ಬರೆಯಬೇಕು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳನ್ನು ಒಯ್ಯುವವರು ಘೋಷಿಸಿ ತೋರಿಸಿದರೆ ತಪ್ಪಿಲ್ಲ. ಕೊಂಡೊಯ್ಯಲು ಬಿಡದಿದ್ದರೆ ಅಲ್ಲಿಯೇ ಬಿಟ್ಟು ಹೋಗಬಹುದು. ಬಚ್ಚಿಟ್ಟರೆ ಮಾತ್ರ ಭಾರಿ ದಂಡ. ತಾಜಾ ಹಣ್ಣು, ಕರಿಬೇವು, ಹಾಲಿನ ಸಿಹಿತಿಂಡಿ, ಅಡಿಕೆ, ವೀಳ್ಯದೆಲೆಗಳನ್ನು ಮನೆಯಲ್ಲಿಯೇ ಬಿಡುವುದು ಜಾಣತನ. ಈ ಬಿಗಿಯ ಹಿಂದಿನ ಪಾಠ ಕೇರ್ನ್ಸ್‌ನ ಪಕ್ಕದಲ್ಲಿಯೇ ಇದೆ. ಕಬ್ಬಿನ ಗದ್ದೆಯ ದುಂಬಿಗಳನ್ನು ತಿನ್ನಲೆಂದು 1935ರಲ್ಲಿ ಹವಾಯಿಯಿಂದ ನೂರರಷ್ಟು ದೊಡ್ಡ ಕಪ್ಪೆಗಳನ್ನು ತಂದು, ಸಮೀಪದ ಗೋರ್ಡನ್‌ವೇಲ್‌ನಲ್ಲಿ ಸಾಕಿ ಬಿಡಲಾಯಿತು. ಕಪ್ಪೆಗಳು ದುಂಬಿಯನ್ನು ಹತೋಟಿಗೆ ತರಲಿಲ್ಲ. ಬದಲಾಗಿ ಉತ್ತರ ಆಸ್ಟ್ರೇಲಿಯಾದ ಉದ್ದಗಲಕ್ಕೂ ಹಬ್ಬಿ, ತಮ್ಮನ್ನು ತಿಂದ ಪ್ರಾಣಿಗಳನ್ನು ವಿಷದಿಂದ ಕೊಂದವು.

ಹವಳದ ತೋಟ

ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ. ಅದು ಪುಟ್ಟ ಪುಟ್ಟ ಪ್ರಾಣಿಗಳ ಒಕ್ಕಲು. ಸುಣ್ಣದ ಗೂಡು ಕಟ್ಟಿಕೊಂಡು ಬದುಕುವ ಈ ಜೀವಿಗಳ ಮೈಯೊಳಗೆ ಸೂಕ್ಷ್ಮ ಪಾಚಿಗಳು ನೆಲೆಸಿ, ಬಿಸಿಲಿನಿಂದ ಅನ್ನ ತಯಾರಿಸಿ ಮನೆಯೊಡೆಯನಿಗೂ ಹಂಚುತ್ತವೆ. ಹವಳದ ಬಣ್ಣ ಬಹುಮಟ್ಟಿಗೆ ಆ ಪಾಚಿಯದೇ. ಬೇಸಗೆಯಲ್ಲಿ ನೀರಿನ ಬಿಸಿ ವಾಡಿಕೆಗಿಂತ ಒಂದೆರಡು ಡಿಗ್ರಿ ಏರಿ ಕೆಲವು ವಾರ ನಿಂತರೆ ಹವಳವು ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬಿಸಿ ಬೇಗ ಇಳಿದರೆ ಚೇತರಿಸಿಕೊಳ್ಳುತ್ತದೆ, ಇಳಿಯದಿದ್ದರೆ ಸಾಯುತ್ತದೆ. 1998, 2002, 2016, 2017, 2020, 2022, 2024 — ಈ ವರ್ಷಗಳಲ್ಲಿ ಇಡೀ ಸಾಲಿನಲ್ಲಿ ವ್ಯಾಪಕವಾಗಿ ಹವಳ ಬಿಳಿಚಿತು. 2016ರ ಹೊಡೆತ ಬಲವಾಗಿ ಬಿದ್ದದ್ದು ಉತ್ತರ ಭಾಗಕ್ಕೆ. ವರ್ಷಗಳ ನಡುವಿನ ಬಿಡುವು ಕಡಿಮೆಯಾಗುತ್ತ ಬಂದಿರುವುದನ್ನು ಶಾಲೆಯ ಮಗುವೂ ಈ ಪಟ್ಟಿಯಿಂದ ಲೆಕ್ಕ ಹಾಕಬಹುದು.

ಹಾಗೆಂದು ನೋಡಲು ಏನೂ ಉಳಿದಿಲ್ಲವೆಂದಲ್ಲ. ಸುಮಾರು 2,900 ದಿಬ್ಬಗಳಲ್ಲಿ ಒಂದರಂತೆ ಒಂದಿಲ್ಲ. ಕೆಲವೆಡೆ ಹೊಸ ಚಿಗುರು ಬೇಗ ತುಂಬಿಕೊಂಡದ್ದೂ ಉಂಟು. ಕೇರ್ನ್ಸ್ ಮತ್ತು ಅದರ ಉತ್ತರಕ್ಕೆ ಸುಮಾರು 65 ಕಿಲೋಮೀಟರ್ ದೂರದ ಪೋರ್ಟ್ ಡಗ್ಲಸ್‌ಗಳಿಂದ ದಿನವೂ ದೋಣಿಗಳು ಹೊರಡುತ್ತವೆ. ಹೊರಗಿನ ದಿಬ್ಬಗಳಿಗೆ ಹೋಗಲು ಒಂದೂವರೆ ಗಂಟೆ ಹಿಡಿಯುತ್ತದೆ. ಚಿಕ್ಕ ಮಕ್ಕಳೂ ಹಿರಿಯರೂ ಇರುವ ಕುಟುಂಬಕ್ಕೆ ಪೋರ್ಟ್ ಡಗ್ಲಸ್‌ನಿಂದ 15 ಕಿಲೋಮೀಟರ್ ದೂರದ ಲೋ ಐಲ್ಸ್ ದ್ವೀಪಗಳು ಹೆಚ್ಚು ಅನುಕೂಲ. 1878ರಲ್ಲಿ ಕಟ್ಟಿದ ದೀಪಸ್ತಂಭವಿರುವ ಈ ಪುಟ್ಟ ದ್ವೀಪದಲ್ಲಿ 1928–29ರಲ್ಲಿ ಮಾರಿಸ್ ಯಂಗ್ ಎಂಬ ಪ್ರಾಣಿಶಾಸ್ತ್ರಜ್ಞನ ನೇತೃತ್ವದ ತಂಡ ವರ್ಷಕಾಲ ತಂಗಿ ಹವಳದ ಬದುಕನ್ನು ಅಭ್ಯಾಸ ಮಾಡಿತು. ಈಜು ಬಾರದವರಿಗೆ ಗಾಜಿನ ತಳದ ದೋಣಿಗಳಿವೆ. ಟಿಕೇಟಿನೊಡನೆ ವಸೂಲಾಗುವ ಪರಿಸರ ಶುಲ್ಕ ಈ ಸಮುದ್ರೋದ್ಯಾನದ ನಿರ್ವಹಣೆಗೆ ಸಲ್ಲುತ್ತದೆ. ಹವಳವನ್ನು ಮುಟ್ಟಬಾರದು, ತುಳಿಯಬಾರದು, ಒಂದು ತುಣುಕನ್ನೂ ತರಬಾರದು.

ಕಾಡಿನ ಒಳಗೆ

ಪೋರ್ಟ್ ಡಗ್ಲಸ್‌ನಿಂದ ಉತ್ತರಕ್ಕೆ ಕಬ್ಬಿನ ಗದ್ದೆಗಳ ನಡುವೆ ಸಾಗಿದರೆ ಮಾಸ್‌ಮನ್ ಕಮರಿ ಸಿಗುತ್ತದೆ. ಸ್ವಂತ ವಾಹನವನ್ನು ಸ್ವಾಗತ ಕೇಂದ್ರದಲ್ಲಿ ನಿಲ್ಲಿಸಿ ಅಲ್ಲಿಯ ಬಸ್ಸಿನಲ್ಲಿ ಒಳಗೆ ಹೋಗಬೇಕು. ಕುಕು ಯಲಂಜಿ ಮಾರ್ಗದರ್ಶಕರೊಡನೆ ನಡೆಯುವ ಏರ್ಪಾಡಿದೆ. ಅದನ್ನು ತಪ್ಪಿಸಿಕೊಳ್ಳಬಾರದು. ಬರಿಯ ಹಸಿರು ಗೋಡೆಯಂತೆ ಕಾಣುವ ಕಾಡಿನಲ್ಲಿ ಯಾವ ಎಲೆ ನೊರೆಯಾಗುತ್ತದೆ, ಯಾವ ಕಾಯನ್ನು ನೀರಿನಲ್ಲಿಟ್ಟು ವಿಷ ತೆಗೆದು ತಿನ್ನುತ್ತಾರೆ ಎಂಬುದನ್ನು ಅವರ ಬಾಯಿಂದಲೇ ಕೇಳಬೇಕು.

ಮುಂದೆ ಡೇನ್‌ಟ್ರೀ ನದಿ. ಅದಕ್ಕೆ ಸೇತುವೆಯಿಲ್ಲ. ಉಕ್ಕಿನ ಹಗ್ಗ ಹಿಡಿದು ಸಾಗುವ ಜಂಗಲ್ ವಾಹನಗಳನ್ನು ದಾಟಿಸುತ್ತದೆ. ಆಚೆ ದಡದಲ್ಲಿ ಮೊಬೈಲ್ ಸಂಪರ್ಕ ಬಹುಮಟ್ಟಿಗೆ ಸಿಗದು. ಈ ಕಾಡಿನಲ್ಲಿ ಹೂಬಿಡುವ ಸಸ್ಯಗಳ ಅತಿ ಪ್ರಾಚೀನ ಮನೆತನಗಳು ಉಳಿದುಕೊಂಡಿವೆ. ಅವುಗಳಲ್ಲೊಂದಾದ ಇಡಿಯೊಸ್ಪರ್ಮಮ್ ಮರ ಅಳಿದೇಹೋಯಿತೆಂದು ನಂಬಲಾಗಿತ್ತು. 1971ರಲ್ಲಿ ದನಗಳು ಕಾರಣವಿಲ್ಲದೆ ಸತ್ತಾಗ ಅವುಗಳ ಹೊಟ್ಟೆಯಲ್ಲಿ ಸಿಕ್ಕ ಬೀಜಗಳಿಂದ ಅದು ಮತ್ತೆ ಬೆಳಕಿಗೆ ಬಂತು. ಕಾಡಿನ ತೋಟಗಾರನೆಂದರೆ ಕ್ಯಾಸೊವರಿ. ಮನುಷ್ಯನೆತ್ತರದ, ನೀಲಿ ಕುತ್ತಿಗೆಯ ಈ ಹಾರಲಾರದ ಹಕ್ಕಿ ದೊಡ್ಡ ಹಣ್ಣುಗಳನ್ನು ಇಡಿಯಾಗಿ ನುಂಗಿ ಬೀಜಗಳನ್ನು ದೂರಕ್ಕೆ ಸಾಗಿಸುತ್ತದೆ. ಮೊಟ್ಟೆಗೆ ಕಾವು ಕೊಡುವುದೂ ಮರಿಗಳನ್ನು ಸಾಕುವುದೂ ಗಂಡು. ಎದುರಾದರೆ ಓಡದೆ, ಚೀಲವನ್ನು ಮುಂದೆ ಹಿಡಿದು ಮೆಲ್ಲನೆ ಹಿಂದೆ ಸರಿಯಬೇಕು. ಅದಕ್ಕೆ ತಿನಿಸು ಹಾಕುವುದು ಅಪರಾಧ.

1983ರ ಕೊನೆಯಲ್ಲಿ ಕುಲ್ಕಿಯಿಂದ ಉತ್ತರಕ್ಕೆ ಕಾಡು ಸೀಳಿ ರಸ್ತೆ ಮಾಡಲು ಯಂತ್ರಗಳು ಬಂದಾಗ ಜನ ಅಡ್ಡ ನಿಂತರು. ರಸ್ತೆ ನಿಲ್ಲಲಿಲ್ಲ, ಆದರೆ ಆ ಸುದ್ದಿ ದೇಶವನ್ನು ಎಚ್ಚರಿಸಿತು. ಐದು ವರ್ಷಗಳಲ್ಲಿ ಕಾಡು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2021ರ ಸೆಪ್ಟೆಂಬರ್ 29ರಂದು ಡೇನ್‌ಟ್ರೀ ರಾಷ್ಟ್ರೀಯ ಉದ್ಯಾನವೂ ಸೇರಿದಂತೆ 1,60,000 ಹೆಕ್ಟೇರಿಗೂ ಮಿಕ್ಕ ನೆಲದ ಒಡೆತನವನ್ನು ಸರಕಾರ ಪೂರ್ವ ಕುಕು ಯಲಂಜಿ ಜನರಿಗೆ ಮರಳಿಸಿತು. ಇಂದು ಅಲ್ಲಿಗೆ ಹೋಗುವವನು ಅವರ ಮನೆಯ ಅತಿಥಿ.

ನುಡಿಯೊಳಗಿನ ನಾಡು

ಈ ತೀರದ ಪ್ರವಾಸವನ್ನು ಹವಳಕ್ಕೂ ಕಾಡಿಗೂ ಮಾತ್ರ ಸೀಮಿತಗೊಳಿಸಿದರೆ ಮೂರನೆಯ ಸಂಪತ್ತನ್ನು ನೋಡದೆ ಬಂದಂತೆ. ಅದು ನುಡಿ. ಕೇರ್ನ್ಸ್ ನಗರ ನಿಂತಿರುವ ನೆಲದ ಹೆಸರು ಗಿಮುಯ್. ಅದು ಯಿದಿಞ್ ನುಡಿಯಲ್ಲಿ ಒಂದು ಜಾತಿಯ ಅತ್ತಿಮರದ ಹೆಸರು. 1876ರಲ್ಲಿ ಬಂದರು ಸ್ಥಾಪಿಸಿದವರು ಆಗಿನ ರಾಜ್ಯಪಾಲ ವಿಲಿಯಂ ಕೇರ್ನ್ಸ್‌ನ ಹೆಸರಿಟ್ಟರು.

ನಗರದ ಹಿಂದಿನ ಘಟ್ಟವನ್ನೇರಿದರೆ ಅಥರ್ಟನ್ ಪ್ರಸ್ಥಭೂಮಿ. ಅಲ್ಲಿ ಈಚಮ್, ಬ್ಯಾರಿನ್ ಮತ್ತು ಯುರಾಮೂ ಎಂಬ ಮೂರು ಸರೋವರಗಳು ಜ್ವಾಲಾಮುಖಿಯ ಬಾಯಲ್ಲಿ ನೀರು ತುಂಬಿ ಆದವು. ಕಟ್ಟಳೆ ಮೀರಿದ ಇಬ್ಬರು ತರುಣರ ಮೇಲೆ ಮಳೆಬಿಲ್ಲಿನ ಸರ್ಪ ಮುನಿದು, ಆಕಾಶ ಕೆಂಪಾಗಿ, ನೆಲ ಬಿರಿದು ಬೀಡನ್ನೇ ನುಂಗಿತೆಂಬ ಕಥೆಯನ್ನು ಭಾಷಾವಿಜ್ಞಾನಿ ಆರ್. ಎಂ. ಡಬ್ಲ್ಯು. ಡಿಕ್ಸನ್ 1960ರ ದಶಕದಲ್ಲಿ ಅಲ್ಲಿಯ ಹಿರಿಯರೊಬ್ಬರಿಂದ ಬರೆದುಕೊಂಡರು. ಆಗ ಇಲ್ಲಿ ಕಾಡಿರಲಿಲ್ಲ, ಬಯಲಿತ್ತು ಎಂದೂ ಆ ಹಿರಿಯರು ಹೇಳಿದ್ದರು. ದಟ್ಟ ಕಾಡಿನ ನಡುವೆ ಆ ಮಾತು ವಿಚಿತ್ರವಾಗಿ ಕೇಳಿಸಿರಬೇಕು. ಮುಂದೆ ಸರೋವರದ ತಳದ ಪರಾಗವನ್ನು ಪರೀಕ್ಷಿಸಿದಾಗ ಅಲ್ಲಿಯ ಮಳೆಕಾಡಿಗೆ ಎಂಟು ಸಾವಿರ ವರ್ಷಗಳೂ ಆಗಿಲ್ಲವೆಂದು ತಿಳಿಯಿತು. ಸ್ಫೋಟ ನಡೆದದ್ದು ಅದಕ್ಕೂ ಹಿಂದೆ. ಬರಹವಿಲ್ಲದ ನುಡಿಯೊಂದು ಅಷ್ಟು ಕಾಲದ ನೆನಪನ್ನು ಕಾಪಾಡಿಕೊಂಡು ಬಂದಿತ್ತು.

ಕುಲ್ಕಿಯ ಉತ್ತರಕ್ಕೆ ಕುಕ್‌ಟೌನ್. ಒಡೆದ ಹಡಗನ್ನು ರಿಪೇರಿ ಮಾಡುತ್ತ ಕುಕ್‌ನ ತಂಡ ಏಳು ವಾರ ತಂಗಿದ್ದು ಇಲ್ಲಿಯ ನದಿಯ ದಡದಲ್ಲಿ. ಅಲ್ಲಿಯ ಗೂಗು ಯಿಮಿದಿರ್ ಜನರಿಂದ ಅವರು ಬರೆದುಕೊಂಡ ‘ಗಂಗುರ್‍ರು’ ಎಂಬ ಪದವೇ ಇಂದು ಕನ್ನಡದ ಪಠ್ಯಪುಸ್ತಕದಲ್ಲಿಯೂ ಇರುವ ಕಾಂಗರೂ. ಬಿಳಿಯರು ಪ್ರಾಣಿಯ ಹೆಸರು ಕೇಳಿದಾಗ ಜನ ‘ಗೊತ್ತಿಲ್ಲ’ ಎಂದರು, ಅದನ್ನೇ ಹೆಸರೆಂದು ತಿಳಿದರು ಎಂಬ ಕಥೆ ಲೋಕವೆಲ್ಲ ಹಬ್ಬಿದೆ. ಅದು ಸುಳ್ಳು. 1970ರ ದಶಕದಲ್ಲಿ ಜಾನ್ ಹ್ಯಾವಿಲ್ಯಾಂಡ್ ಎಂಬ ವಿದ್ವಾಂಸರು ಆ ನುಡಿಯನ್ನು ಕಲಿತು, ಗಂಗುರ್‍ರು ಒಂದು ಜಾತಿಯ ದೊಡ್ಡ ಕಾಂಗರೂವಿನ ನಿಜವಾದ ಹೆಸರೆಂದು ತೋರಿಸಿದರು. ನುಡಿಯನ್ನಾಡುವವರನ್ನು ಕೇಳದೆ ಇನ್ನೂರು ವರ್ಷ ಲೋಕ ಅವರನ್ನು ನೋಡಿ ನಕ್ಕಿತು.

ಆ ನುಡಿಯಲ್ಲಿ ‘ಎಡಗಡೆ’, ‘ಬಲಗಡೆ’ ಎಂದು ಜಾಗ ತೋರಿಸುವ ಪದ್ಧತಿಯಿಲ್ಲ. ಎಲ್ಲವೂ ಮೂಡು, ಪಡು, ಬಡಗು, ತೆಂಕು. ಪಕ್ಕದಲ್ಲಿ ಕುಳಿತವನಿಗೂ ‘ಸ್ವಲ್ಪ ಪಡುವಣಕ್ಕೆ ಸರಿ’ ಎನ್ನುವ ರೀತಿ. ಮೂಡುಮನೆ, ಪಡುಮನೆಗಳ, ತೆಂಕುತಿಟ್ಟು, ಬಡಗುತಿಟ್ಟುಗಳ ನಾಡಿನವರಿಗೆ ಈ ನುಡಿಯ ಜಾಯಮಾನ ತೀರ ಅಪರಿಚಿತವೆನಿಸದು. ಇಂದು ಗೂಗು ಯಿಮಿದಿರ್ ಆಗಲಿ ಕುಕು ಯಲಂಜಿ ಆಗಲಿ ಆಡುವವರು ಕೆಲವು ನೂರು ಮಂದಿ ಮಾತ್ರ. ಯಿದಿಞ್ ಮಾತೃಭಾಷೆಯಾಗಿ ಬಲ್ಲವರು ಬೆರಳೆಣಿಕೆಯಷ್ಟು. ನುಡಿಯೊಂದು ಶಾಲೆಯಿಂದಲೂ ಫಲಕದಿಂದಲೂ ಜಾರಿದರೆ ಏನೇನು ಜಾರುತ್ತದೆಂಬುದನ್ನು ಈ ತೀರ ಬಲ್ಲದು. ಅದನ್ನು ಮರಳಿ ಕಲಿಸುವ ಪ್ರಯತ್ನಗಳೂ ಅಲ್ಲಿ ನಡೆದಿವೆ.

ಏಳು ದಿನಗಳ ಹಂಚಿಕೆ

ಮೊದಲ ದಿನ ಕೇರ್ನ್ಸ್‌ನಲ್ಲಿ ವಿಶ್ರಾಂತಿ, ಸಂಜೆ ತೀರದ ಕೊಳ. ಎರಡನೆಯ ದಿನ 1891ರಲ್ಲಿ ಪೂರ್ಣಗೊಂಡ, 15 ಸುರಂಗಗಳ ರೈಲುಮಾರ್ಗದಲ್ಲಿ ಕುರಾಂಡಕ್ಕೆ ಹೋಗಿ ಕಾಡಿನ ಮೇಲೆ ಏಳೂವರೆ ಕಿಲೋಮೀಟರ್ ಸಾಗುವ ತೂಗುತೊಟ್ಟಿಲಿನಲ್ಲಿ ಹಿಂದಿರುಗುವುದು. ಮೂರನೆಯ ದಿನ ಪ್ರಸ್ಥಭೂಮಿಯ ಸರೋವರಗಳು. ನಾಲ್ಕನೆಯ ದಿನ ಕಡಲಂಚಿನ ರಸ್ತೆಯಲ್ಲಿ ಪೋರ್ಟ್ ಡಗ್ಲಸ್, ಮಾಸ್‌ಮನ್ ಕಮರಿ. ಐದನೆಯ ದಿನ ನದಿ ದಾಟಿ ಕುಲ್ಕಿ, ಅಲ್ಲಿಯೇ ರಾತ್ರಿ ತಂಗುವುದು. ಆರನೆಯ ದಿನ ನಿಧಾನವಾಗಿ ಮರಳುವುದು. ಏಳನೆಯ ದಿನ ಹವಳ. ಗಾಳಿ ಜೋರಾಗಿದ್ದರೆ ಹವಳದ ದಿನವನ್ನು ಹಿಂದೆ ಮುಂದೆ ಮಾಡಿಕೊಳ್ಳುವಂತೆ ಕೊನೆಯ ಮೂರು ದಿನಗಳನ್ನು ಸಡಿಲವಾಗಿಡಬೇಕು. ಕುಕ್‌ಟೌನ್‌ಗೆ ಹೋಗಬಯಸುವವರು ಇನ್ನೆರಡು ದಿನ ಸೇರಿಸಿಕೊಳ್ಳಬೇಕು.

ಓಣಂ ರಜೆಗೆ ಹೊರಡುವ ಕುಟುಂಬ ಹಿಂದಿನ ಕ್ರಿಸ್‌ಮಸ್ಸಿನೊಳಗೆ ಎಲ್ಲರ ಪಾಸ್‌ಪೋರ್ಟ್ ಸಿದ್ಧಪಡಿಸಿ, ಬೇಸಗೆ ರಜೆಯಲ್ಲಿ ವೀಸಾ ಅರ್ಜಿ ಹಾಕಿ, ಅದು ಕೈಸೇರಿದ ಮೇಲೆ ಟಿಕೇಟು ತೆಗೆಯುವುದು ಕ್ರಮ. ಮಳೆಗಾಲದ ಸಂಜೆಗಳಲ್ಲಿ ಮಕ್ಕಳು ಭೂಪಟ ಹರಡಿಕೊಂಡು ದಾರಿಯುದ್ದಕ್ಕೂ ಸಿಗುವ ಊರುಗಳ ಎರಡೆರಡು ಹೆಸರುಗಳನ್ನು ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳಬಹುದು. ಞಕಾರವೂ ಱಕಾರದ ನೆನಪೂ ಇರುವ ನಮ್ಮ ಲಿಪಿಯಲ್ಲಿ ಆ ಹೆಸರುಗಳು ರೋಮನ್ ಅಕ್ಷರಗಳಿಗಿಂತ ಚೆನ್ನಾಗಿಯೇ ಕುಳಿತುಕೊಳ್ಳುತ್ತವೆ. ಮಾಸ್‌ಮನ್‌ನಲ್ಲಿ ಮಾರ್ಗದರ್ಶಕರ ಮುಂದೆ ಆ ಪುಸ್ತಕ ತೆರೆದು ಉಚ್ಚಾರ ಸರಿಯೇ ಎಂದು ಕೇಳಿದರೆ, ಅವರು ಸಂತೋಷದಿಂದಲೇ ತಿದ್ದಿಯಾರು.